ಶಾಲು ಯಾರಿಗೆ ಹೊದಿಸ್ತೀರಿ?

ಭಾಗ 1

ಫೋಟೋ ನೋಡಿ ಇದೇನಪಾ ಅನ್ಕೋಬ್ಯಾಡ್ರಿ. ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಮಡಚಿಟ್ಟ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಮಾರ್ಚ್ 8ರ ಮಹಿಳಾ ದಿನಾಚರಣೆ ಮುಗಿದ ಮೇಲೆ ಒಂದು ಕಾಲೇಜಿನಲ್ಲಿ ತೆಗೆದದ್ದು. ಯಾವ ಕಾಲೇಜು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ನಿಮ್ಮ ಕಡೆನೂ ಹಿಂಗೇ ಆಗಿರತದ.

ಅವತ್ತು ವೇದಿಕೆ ಮೇಲೆ ಒಂಬತ್ತು ಮಂದಿ ಕೂತಿದ್ರು. ಅದರಲ್ಲಿ ಏಳು ಮಂದಿ ಗಂಡಸರು. ಒಬ್ಬೊಬ್ಬರಿಗೂ ಶಾಲು, ಹಾರ, ಪೇಟ, ನೆನಪಿನ ಕಾಣಿಕೆ. ಅಷ್ಟಕ್ಕೇ ಒಂದು ತಾಸು ಹೋಯ್ತು. ಹಿಂದಿನ ಬ್ಯಾನರಿನಲ್ಲಿ "ಮಹಿಳೆಯರ ಆರೋಗ್ಯಕ್ಕಾಗಿ ಶ್ರಮಿಸಿದವರಿಗೆ ಗೌರವ" ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಖರೇನ ಶ್ರಮಿಸಿದವರು ಎಲ್ಲಿದ್ರು ಗೊತ್ತೇನು? ಉಪಕೇಂದ್ರದಲ್ಲಿ 22 ವರ್ಷದಿಂದ ಕೆಲಸ ಮಾಡೋ ನರ್ಸಬಾಯಿ ಬಾಗಿಲಲ್ಲಿ ಆರತಿ ತಾಟು ಹಿಡಕೊಂಡು ನಿಂತಿದ್ರು. ಇಬ್ಬರು ಆಶಾ ಅಕ್ಕಂದಿರು ಶಿರಾ ಉಪ್ಪಿಟ್ಟಿನ ಪ್ಲೇಟು ಹಂಚ್ತಿದ್ರು. ಮೈಕ್ ಅವರ ಕೈಗೆ ಒಮ್ಮೆಯೂ ಬರಲಿಲ್ಲ.

ಒಬ್ಬ ಅತಿಥಿ ಬರಲೇ ಇಲ್ಲ. ಫೋಟೋದಲ್ಲಿರೋ ಶಾಲು ಅವರದು. ಉಳಿದ ಶಾಲನ್ನ ಬಾಗಿಲಲ್ಲಿ ನಿಂತ ನರ್ಸಬಾಯಿಗೆ ಹೊದಿಸೋಣ ಅಂತ ಯಾರಿಗೂ ಹೊಳೀಲಿಲ್ಲ.

ನನಗೂ ಹೊಳೀಲಿಲ್ಲ. ನಾನು ರೀಲ್ ಮಾಡ್ತಿದ್ದೆ.

ಮನೆಗೆ ಬಂದ ಮೇಲೆ ತಲ್ಯಾಗ ಹುಳ ಬಿಟ್ಟಂಗಾಯ್ತು. ಹೆಣ್ಣಿನ ಮುಟ್ಟು, ಬಸುರು, ಹೆರಿಗೆ, ಬಾಣಂತನ ಇವುಗಳ ಬಗ್ಗೆ ಹೊಸ ತಿಳಿವಳಿಕೆ ತಂದವರು, ಅದಕ್ಕಾಗಿ ಬಾಯಿ ಬಿಟ್ಟು ಮಾತಾಡಿದವರು ನಮ್ಮ ಸುತ್ತ ಯಾರಿದ್ದಾರೆ? ಅವರಲ್ಲಿ ಒಬ್ಬರ ಹೆಸರಾದರೂ ನನಗೆ ಗೊತ್ತಾ? ಗೊತ್ತಿರಲಿಲ್ಲ. ಹುಡುಕಿದೆ, ಓದಿದೆ. ಸಿಕ್ಕದ್ದನ್ನ ಹತ್ತು ಪೋಸ್ಟ್‌ನಲ್ಲಿ ಹೇಳ್ತೀನಿ. ಉದ್ದ ಆಗತದ. ಆದರೂ ಓದ್ರಿ.

ಭಾಗ 2

ಈ ಫೋಟೋದಲ್ಲಿ ನಮ್ಮವ್ವನ ಕೈ ಅಷ್ಟೇ ಕಾಣತದ. ಮುಖ ಹಾಕಬ್ಯಾಡ ಅಂದಳು.

ನಾನು ಹುಟ್ಟಿದ್ದು 2004ರ ಮಳೆಗಾಲದಲ್ಲಿ, ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ, ಮನೆಯಲ್ಲೇ. ಬೆಣ್ಣಿಹಳ್ಳ ಬಂದಿತ್ತು. ಎರಿ ಭೂಮಿ ಮಳೆ ಕುಡಿದರೆ ಹೆಂಗಿರತದ ಅಂತ ನಿಮಗೆ ಹೇಳಬೇಕಿಲ್ಲ. ಎತ್ತಿದ ಕಾಲಿಗೆ ಎರಡು ಕಿಲೋ ಮಣ್ಣು. ಆಗ 108 ಇನ್ನೂ ಇರಲಿಲ್ಲ, ಅದು ಶುರುವಾದದ್ದು 2008ರಲ್ಲಿ.

ಕೂಸು ಹುಟ್ಟಿತು, ಮಾಸು ಬಿತ್ತು, ಆದರೆ ನೆತ್ತರ ನಿಲ್ಲಲಿಲ್ಲ. ಸೂಲಗಿತ್ತಿ ಆಯಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳಂತೆ. ನಮ್ಮಜ್ಜಿ "ಬಾಣಂತಿ ಅಂದ ಮ್ಯಾಲೆ ಹೋಗೂದನ ಹೋಗೂದು" ಅಂದಳಂತೆ. ಒಂದು ಸೀರಿ ತೊಯ್ತು, ಎರಡು ತೊಯ್ದುವು, ಮೂರನೇದೂ ತೊಯ್ತು. ಆಮೇಲೆ ಯಾರೋ ಹೆದರಿ ಟ್ರ್ಯಾಕ್ಟರ್ ತರಿಸಿದರು. ದವಾಖಾನಿ ಮುಟ್ಟೋ ಹೊತ್ತಿಗೆ ಅವ್ವಗ ಎಚ್ಚರಿರಲಿಲ್ಲ. ನಮ್ಮ ಸೋದರಮಾವ ರಕ್ತ ಕೊಟ್ಟ. ಉಳಿದಳು.

ಈ ಕತಿ ನನಗೆ ಗೊತ್ತಾದದ್ದು ಈ ವರ್ಷ. ಇಪ್ಪತ್ತು ವರ್ಷದ ಮೇಲೆ! ಇಷ್ಟು ದಿನ ಕೇಳಿದಾಗೆಲ್ಲ "ಆವತ್ತು ಭಾಳ ಹೋತು ನೋಡವಾ" ಅಂತ ಒಂದೇ ಮಾತು ಹೇಳಿ ರೊಟ್ಟಿ ಬಡಿಯೋಕೆ ಹೋಗ್ತಿದ್ದಳು. ಏನು ಹೋತು, ಎಷ್ಟು ಹೋತು, ಯಾಕ ಹೋತು ಅಂತ ನಾನೂ ಕೇಳಲಿಲ್ಲ.

ನಿಮ್ಮವ್ವನ್ನ ಕೇಳೀರೇನು?

ನೆತ್ತರ ಹೋಗೋದು ಹಣೆಬರಹ ಅಲ್ಲ. ಕೂಸು ಹೊರಗೆ ಬಂದ ಮೇಲೆ ಗರ್ಭಕೋಶ ಮುಷ್ಟಿ ಹಂಗ ಬಿಗಿಯಾಗಬೇಕು. ಬಿಗಿಯಾದರೆ ಒಳಗಿನ ರಕ್ತನಾಳ ಅಮುಕಿ ಮುಚ್ಚತಾವ. ಬಿಗಿಯಾಗದೆ ಸಡಿಲ ಉಳಿದರೆ ನಲ್ಲಿ ಬಿಟ್ಟಂಗ ಹರಿಯತದ. ಅದನ್ನ ಬಿಗಿ ಮಾಡೋ ಔಷಧ ಅವತ್ತೂ ಇತ್ತು. ನಮ್ಮೂರ ಮನೆ ತನಕ ಬಂದಿರಲಿಲ್ಲ, ಅಷ್ಟೇ.

ನಾಳೆ ಹೇಳೋದನ್ನ ಓದಿದಾಗ ನನಗೆ ಒಂದು ಗಳಿಗೆ ಉಸಿರು ನಿಂತಂಗಾಗಿತ್ತು.

ಭಾಗ 3

ಆ ಔಷಧ ಮನೆ ತನಕ ಬರೋ ದಾರಿ ಹುಡುಕೋ ಕೆಲಸ ಅದೇ 2004ರಲ್ಲಿ ನಡೆದಿತ್ತು. ಎಲ್ಲಿ? ಅಮೆರಿಕದಲ್ಲಲ್ಲ. ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ.

ಸಮಸ್ಯೆ ಏನಿತ್ತು ಅಂದರೆ, ಗರ್ಭಕೋಶ ಬಿಗಿ ಮಾಡೋ ಆಕ್ಸಿಟೋಸಿನ್ ಸೂಜಿಯನ್ನ ತಂಪಿನಲ್ಲಿ ಇಡಬೇಕು, ಕೊಡೋಕೆ ತರಬೇತಿ ಆದವರು ಬೇಕು. ಕರೆಂಟ್ ಇಲ್ಲದ ಊರಲ್ಲಿ ಫ್ರಿಜ್ ಎಲ್ಲಿಂದ ತರೋದು? ಹಾಗಾದರೆ ತಂಪು ಬೇಡದ, ಬಾಯಿಗೆ ಹಾಕಿ ನುಂಗೋ ಗುಳಿಗಿ ಇದ್ದರೆ? ಮಿಸೊಪ್ರೊಸ್ಟಾಲ್ ಅನ್ನೋ ಗುಳಿಗಿ ಇತ್ತು. ಆದರೆ ಹಳ್ಳಿ ಮನೆಯಲ್ಲಿ, ಡಾಕ್ಟರ್ ಇಲ್ಲದ ಕಡೆ, ನರ್ಸಬಾಯಿ ಕೈಯಿಂದ ಕೊಟ್ಟರೆ ಅದು ಕೆಲಸ ಮಾಡತದ ಅಂತ ಗಟ್ಟಿ ಪುರಾವೆ ಇರಲಿಲ್ಲ.

ಆ ಪುರಾವೆ ಕೊಟ್ಟದ್ದು ಬೆಳಗಾವಿ. ಕೆಎಲ್ಇಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಬಿ. ಎಸ್. ಕೊಡ್ಕಣಿ, ಡಾ. ಎಸ್. ಎಸ್. ಗೌಡರ, ಅವರ ಜೊತೆಗಾರರು, ಅಮೆರಿಕದ ಡಾ. ರಿಚರ್ಡ್ ಡರ್ಮನ್ ತಂಡ ಸೇರಿ 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್ ತನಕ ಈ ಅಧ್ಯಯನ ಮಾಡಿದರು. 1,620 ಬಸುರಿ ಹೆಣ್ಣುಮಕ್ಕಳು ಒಪ್ಪಿ ಸೇರಿದರು. ಹೆರಿಗೆ ಆದದ್ದು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ. ಗುಳಿಗಿ ಕೊಟ್ಟದ್ದು ಎಎನ್ಎಂ ನರ್ಸಬಾಯಿಗಳು.

ಫಲಿತಾಂಶ 2006ರಲ್ಲಿ ದಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಔಷಧ ಇಲ್ಲದ ಗುಳಿಗಿ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವ ಆಗಿತ್ತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಜೀವಕ್ಕೇ ಕುತ್ತು ತರೋ ಭಾರಿ ರಕ್ತಸ್ರಾವ 1.2ರಿಂದ 0.2ಕ್ಕೆ ಬಂದಿತ್ತು. ಪ್ರತಿ 18 ಹೆರಿಗೆಗೆ ಒಬ್ಬ ತಾಯಿಯ ರಕ್ತಸ್ರಾವ ತಪ್ಪಿತು. ಚಳಿ, ಜ್ವರ ಬಂದು ಹೋಗೋದು ಇತ್ತು, ಅದನ್ನೂ ಮುಚ್ಚಿಡದೆ ಬರೆದರು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯೋಕೆ ಈ ಗುಳಿಗಿಯನ್ನ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ತೀರ್ಮಾನದ ಹಿಂದಿನ ಪುರಾವೆಗಳಲ್ಲಿ ಬೆಳಗಾವಿ ಹಳ್ಳಿಯ ಹೆಣ್ಣುಮಕ್ಕಳ ಲೆಕ್ಕನೂ ಐತಿ.

ನಾವು ಕುಂದಾಕ್ಕೆ ಬೆಳಗಾವಿ ಹೆಸರು ಹೇಳ್ತೀವಿ. ಗಡಿ ಗಲಾಟೆಗೆ ಹೇಳ್ತೀವಿ. ಇದಕ್ಕೆ ಯಾಕೆ ಹೇಳಲ್ಲ?

ಒಂದು ಮಾತು ನೆನಪಿಡ್ರಿ: ಇದು ಕೂಸು ಹುಟ್ಟಿದ ಮೇಲೆ ನರ್ಸ್ ಅಥವಾ ಡಾಕ್ಟರ್ ನೋಡಿ ಕೊಡೋ ಗುಳಿಗಿ. ಕೂಸು ಹೊಟ್ಟೆಯಲ್ಲಿದ್ದಾಗ ತಪ್ಪಾಗಿ ನುಂಗಿದರೆ ಜೀವಕ್ಕೇ ಅಪಾಯ. ಅಂಗಡಿಗೆ ಹೋಗಿ ನೀವೇ ತಂದು ಯಾರಿಗೂ ಕೊಡಬ್ಯಾಡ್ರಿ.

ಭಾಗ 4

ಮೂರು ಸೀರಿ ಅಂದರೆ ಎಷ್ಟು ನೆತ್ತರ? ಯಾರಿಗೂ ಗೊತ್ತಿಲ್ಲ.

ಇದು ನಮ್ಮಜ್ಜಿಯ ತಪ್ಪಲ್ಲ. ಕಣ್ಣಳತೆಯಲ್ಲಿ ನೋಡಿದರೆ ಕಲಿತ ನರ್ಸ್ ಕೂಡ ಕಡಿಮೆನೇ ಅಂದಾಜು ಮಾಡತಾರ. ಬೆಳಗಾವಿಯವರು ಇದನ್ನೂ ಅಳೆದು ನೋಡಿದರು. ಹೆರಿಗೆ ಆದ ಹೆಂಗಸಿನ ಕೆಳಗೆ ಹಾಸೋ ಒಂದು ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಕೊಳವೆಯಂಥ ಚೀಲ, ಚೀಲದ ಮೇಲೆ ಅಳತೆ ಗೆರೆ. ಅಷ್ಟೇ. ಹಾಲಿನ ಡೇರಿಯಲ್ಲಿ ಅಳತೆ ಪಾತ್ರೆ ಇರಲ್ವಾ, ಹಂಗ. ಅದರಲ್ಲಿ ಬಿದ್ದದ್ದನ್ನ ಓದಿ, ಕಣ್ಣಳತೆಗೆ ಹೋಲಿಸಿದಾಗ ಕಣ್ಣು ಮೂರರಲ್ಲಿ ಒಂದು ಪಾಲು ಕಡಿಮೆ ಹೇಳ್ತಿತ್ತು.

ಮೂರರಲ್ಲಿ ಒಂದು ಪಾಲು ಕಾಣದೆ ಹೋದರೆ ಟ್ರ್ಯಾಕ್ಟರ್ ತಡವಾಗಿ ಬರತದ. ತಡವಾದರೆ ಏನಾಗತದ ಅಂತ ನಿಮ್ಮೂರ ಮಸಣ ಕೇಳ್ರಿ.

ಆ ಹಾಳೆ ಮಾಡಿದ ಏಳು ಮಂದಿ ತಮ್ಮ ಹೆಸರಿನ ಮೊದಲ ಅಕ್ಷರ ಜೋಡಿಸಿ ಅದಕ್ಕೆ "ಬ್ರಾಸ್-ವಿ" ಅಂತ ಹೆಸರಿಟ್ಟರು. ಅವರ ಸನ್ಮಾನ ಅವರೇ ಮಾಡಿಕೊಂಡದ್ದು ಅಷ್ಟೇ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ, 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅಳತೆ ಗೆರೆ ಇರೋ ಇಂಥದ್ದೇ ಹಾಳೆ ಹಾಸಿ, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನ ಒಟ್ಟಿಗೆ ಶುರು ಮಾಡಿದಾಗ ಭಾರಿ ರಕ್ತಸ್ರಾವ ಮತ್ತು ಅದರಿಂದಾಗೋ ಅನಾಹುತ ನೂರಕ್ಕೆ 60ರಷ್ಟು ಕಡಿಮೆ ಆಯ್ತು. ಮೊದಲ ಹೆಜ್ಜೆ ಅಳೆಯೋದು. ಬೆಳಗಾವಿಯವರು ಆ ಮಾತನ್ನ ಇಪ್ಪತ್ತು ವರ್ಷದ ಹಿಂದೆ ಹೇಳಿದ್ದರು.

ಸಂಶೋಧನೆ ಅಂದರೆ ಬಿಳಿ ಕೋಟು, ದುರ್ಬೀನು, ನಮಗೆ ಸಂಬಂಧ ಇಲ್ಲದ್ದು ಅನ್ಕೋತೀವಿ. ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಗೆರೆ ಎಳೆಯೋದೂ ಸಂಶೋಧನೆನೇ. "ಹೋಗೂದನ ಹೋಗೂದು" ಅನ್ನೋ ಮಾತನ್ನ ನಂಬದೆ, "ಎಷ್ಟು ಹೋತು?" ಅಂತ ಕೇಳೋದು.

ಭಾಗ 5

ಈಗ ನಿಮ್ಮಲ್ಲಿ ಯಾರಾದರೂ ಕೇಳಬೇಕು, ಕೇಳದಿದ್ದರೆ ನನಗೆ ಬೇಜಾರು: "ಅಲ್ಲವಾ, ಅರ್ಧ ಮಂದಿಗೆ ಔಷಧ ಇಲ್ಲದ ಗುಳಿಗಿ ಕೊಟ್ಟರು ಅಂದೆ. ಬಡವರ ಮೇಲೆ ಪ್ರಯೋಗ ಮಾಡಿದಂಗಾಗಲಿಲ್ಲೇನು?"

ಸರಿಯಾದ ಪ್ರಶ್ನೆ. ಉತ್ತರ ಸುಲಭದ್ದಲ್ಲ. 812 ಮಂದಿಗೆ ಔಷಧ ಸಿಕ್ಕಿತು, 808 ಮಂದಿಗೆ ಸಿಗಲಿಲ್ಲ. ಆ 808 ಮಂದಿಗೆ ಆ ಹಳ್ಳಿಗಳಲ್ಲಿ ಎಲ್ಲರಿಗೂ ಸಿಗ್ತಿದ್ದ ಆರೈಕೆನೇ ಸಿಕ್ಕಿತು, ಜೊತೆಗೆ ಅಳೆಯೋ ನರ್ಸ್ ಪಕ್ಕದಲ್ಲಿ ಇದ್ದರು. ಹೋಲಿಸಿ ನೋಡದೆ ಇದ್ದರೆ ಗುಳಿಗಿ ಖರೇನ ಕೆಲಸ ಮಾಡತದೋ ಇಲ್ಲವೋ ತಿಳೀತಿರಲಿಲ್ಲ. ಆದರೂ ಆ ಪ್ರಶ್ನೆ ಅಲ್ಲೇ ಇರಬೇಕು. ಹೊಗಳೋ ಭರದಲ್ಲಿ ಅದನ್ನ ನುಂಗಬಾರದು. ಪ್ರಶ್ನೆ ಕೇಳದ ಸನ್ಮಾನ ಭಜನೆ ಆಗತದ.

ನನ್ನ ತಕರಾರು ಬೇರೆ. ಆ ಪುರಾವೆ ಹುಟ್ಟಿದ್ದು ಆ 1,620 ಮಂದಿಯ ಮೈಯಿಂದ. ರಾತ್ರಿ ಹೊತ್ತು ಮಣ್ಣು ರಸ್ತೆಯಲ್ಲಿ ಚೀಲ ಹಿಡಕೊಂಡು ಹೋಗಿ, ಗುಳಿಗಿ ಕೊಟ್ಟು, ಹಾಳೆ ಹಾಸಿ, ಗೆರೆ ಓದಿ, ಕಾಗದದಲ್ಲಿ ಬರೆದ ನರ್ಸಬಾಯಿಗಳಿಂದ. ಒಬ್ಬ ನರ್ಸ್ ಅಳತೆ ತಪ್ಪಾಗಿ ಬರೆದಿದ್ದರೂ ಆ ಲೆಕ್ಕಕ್ಕೆ ಅಷ್ಟು ಬೆಲೆ ಕಡಿಮೆ ಆಗ್ತಿತ್ತು.

ಭಾಗವಹಿಸಿದ ಹೆಣ್ಣುಮಕ್ಕಳ ಹೆಸರು ಹೊರಗೆ ಹೇಳಬಾರದು, ಅದು ಅವರ ಗುಟ್ಟು, ಸರಿ. ಆದರೆ ಹೆಸರು ಹೇಳದೆನೂ ಗೌರವಿಸೋಕೆ ದಾರಿ ಐತಿ. ಅವರು ಕೊಟ್ಟದ್ದರಿಂದ ತಿಳಿದದ್ದನ್ನ ಅವರ ಭಾಷೆಯಲ್ಲಿ ಅವರ ಊರಿಗೆ ವಾಪಸ್ ಮುಟ್ಟಿಸೋದು. ಈ ಸಂಗತಿ ನಾನು ಇಂಗ್ಲಿಷಿನಲ್ಲಿ ಓದಿದೆ, ಡಿಕ್ಷನರಿ ಹಿಡಕೊಂಡು. ಹಳ್ಳಿಯಲ್ಲಿ ಹುಟ್ಟಿದ ತಿಳಿವಳಿಕೆ ಹಳ್ಳಿಗೇ ಕನ್ನಡದಲ್ಲಿ ಮುಟ್ಟಿಲ್ಲ ಅಂದರೆ ಆ ಸಾಲ ಇನ್ನೂ ತೀರಿಲ್ಲ.

ಸಾಲ ಇನ್ನೂ ಬೆಳೀತಾನೂ ಐತಿ. ಬಸುರಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ದಿನ ತುಂಬೋ ಮೊದಲೇ ಆಗೋ ಹೆರಿಗೆ ಕಡಿಮೆ ಆಗತದ ಅಂತ ಆರು ದೇಶಗಳ ಸುಮಾರು 12,000 ಹೆಣ್ಣುಮಕ್ಕಳ ಅಧ್ಯಯನ 2020ರಲ್ಲಿ ತೋರಿಸಿತು. ಅದರಲ್ಲೂ ಬೆಳಗಾವಿ ಇತ್ತು.

ಭಾಗ 6

ಫೋಟೋದಲ್ಲಿರೋದು ಲೈಬ್ರರಿಯ ಹಳೇ ಪುಸ್ತಕ. ಮುಖಪುಟ ಹರಿದದ, ಒಳಗೆ ಯಾರೋ ಪೆನ್ಸಿಲ್‌ನಿಂದ ಗೆರೆ ಎಳೆದಾರ. ಎಷ್ಟು ಮನೆಯಲ್ಲಿ ಕದ್ದು ಮುಚ್ಚಿ ಓದಿರಬೇಕು ಇದನ್ನ!

ಡಾ. ಅನುಪಮಾ ನಿರಂಜನ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ನಮ್ಮ ಧಾರವಾಡದಲ್ಲಿ ಡಾಕ್ಟರ್ ಆಗಿ ಕೆಲಸ ಮಾಡಿದವರು, ಆಮೇಲೆ ಬೆಂಗಳೂರಿನಲ್ಲಿ. ನಾವು ಅವರನ್ನ ಕಾದಂಬರಿಕಾರ್ತಿ ಅಂತ ಪರೀಕ್ಷೆಗೆ ಎರಡು ಮಾರ್ಕಿಗೆ ಓದಿ ಬಿಟ್ಟೆವು. ಅವರು "ತಾಯಿ-ಮಗು", "ದಾಂಪತ್ಯ ದೀಪಿಕೆ", "ವಧುವಿಗೆ ಕಿವಿಮಾತು" ಬರೆದರು ಅಂತ ಎಷ್ಟು ಮಂದಿಗೆ ಗೊತ್ತು? ಬಸುರು, ಹೆರಿಗೆ, ಗಂಡ ಹೆಂಡಿರ ಸಂಬಂಧ ಇವೆಲ್ಲ ಗುಸುಗುಸು ಮಾತಾಗಿದ್ದ ಕಾಲದಲ್ಲಿ ಒಬ್ಬ ಡಾಕ್ಟರ್ ಹೆಣ್ಣುಮಗಳು ಅದನ್ನ ಸಾದಾ ಕನ್ನಡದಲ್ಲಿ, ತನ್ನ ಹೆಸರು ಹಾಕಿ, ಅಚ್ಚು ಹಾಕಿಸಿದಳು. 1991ರಲ್ಲಿ ತೀರಿಕೊಂಡರು.

ಇನ್ನೊಬ್ಬರು ನಮ್ಮ ನೆರೆಯ ಮಹಾರಾಷ್ಟ್ರದ ಡಾ. ರಾಣಿ ಬಂಗ್. ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಣ್ಣುಮಕ್ಕಳನ್ನ ಪರೀಕ್ಷೆ ಮಾಡಿ 1989ರಲ್ಲಿ ಬರೆದರು: ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೂ ಮೊದಲು ಈ ತೊಂದರೆಗೆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಎಂಟೇ ಮಂದಿ. ಅಲ್ಲಿ ತನಕ ಹಳ್ಳಿ ಹೆಣ್ಣುಮಕ್ಕಳ ಆರೋಗ್ಯ ಅಂದರೆ ಬಸುರಿಗೆ ಸೂಜಿ, ಆಮೇಲೆ ಆಪರೇಷನ್, ಅಷ್ಟೇ ಅನ್ಕೊಂಡಿದ್ದರು. ಬಿಳುಪು ಹೋಗೋದು, ಕಿಬ್ಬೊಟ್ಟೆ ನೋವು, ಉರಿ ಇವೆಲ್ಲ "ಹೆಣ್ಣಾಗಿ ಹುಟ್ಟಿದ ಮ್ಯಾಲೆ ಇದ್ದದ್ದ" ಆಗಿತ್ತು. ರಾಣಿ ಬಂಗ್ ಕೇಳಿದರು, ಹೆಣ್ಣುಮಕ್ಕಳು ಹೇಳಿದರು.

ನಾವು ಇವತ್ತಿಗೂ "ಹೊರಗ ಆಗೇನಿ" ಅಂತ ಹೇಳಿ ಮುಗಿಸ್ತೀವಿ. ಅಂಗಡಿಯವ ಪ್ಯಾಡನ್ನ ಪೇಪರಿನಲ್ಲಿ ಸುತ್ತಿ ಕರಿ ಚೀಲದಲ್ಲಿ ಹಾಕಿ ಕೊಡತಾನ, ನಾವು ಬಾಂಬ್ ತಂದಂಗ ತರ್ತೀವಿ. ಅನುಪಮಾ ಅವರ ಪುಸ್ತಕ ಬಂದು ಇಷ್ಟು ವರ್ಷ ಆದ ಮೇಲೂ ಹಿಂಗಿದ್ದರೆ ನಾವು ಅವರಿಗೆ ಯಾವ ಮುಖ ಇಟ್ಕೊಂಡು ಹಾರ ಹಾಕೋದು?

ಭಾಗ 7

ಇದು ನಮ್ಮ ಚಿಗವ್ವನ ಚಪ್ಪಲಿ. ಅಂಗಾಲು ಸವೆದು ಹಾಳೆ ಆಗೇತಿ. ಚಿಗವ್ವ ಆಶಾ ಕಾರ್ಯಕರ್ತೆ.

ಬಸುರಿ ಯಾರು ಅಂತ ಮೊದಲು ಗೊತ್ತಾಗೋದು ಆಕೆಗೆ, ಒಮ್ಮೊಮ್ಮೆ ಗಂಡನಿಗಿಂತ ಮೊದಲು. ತಾಯಿ ಕಾರ್ಡ್ ಮಾಡಿಸೋದು, ಕಬ್ಬಿಣಾಂಶದ ಗುಳಿಗಿ ನುಂಗಿದಳೋ ಅಥವಾ ಹಿತ್ತಲಿಗೆ ಒಗೆದಳೋ ನೋಡೋದು, ನೋವು ಶುರುವಾದರೆ ಅರ್ಧ ರಾತ್ರಿ ಜೊತೆಗೆ ಹೋಗೋದು. ಆಸ್ಪತ್ರೆಯಲ್ಲಿ ಹಡೆದು ಬಂದ ಬಾಣಂತಿ ಮನೆಗೆ 42 ದಿನದೊಳಗೆ ಆರು ಸಲ ಹೋಗಿ ಕೂಸಿನ ತೂಕ, ಉಸಿರಾಟ, ತಾಯಿಯ ಜ್ವರ ನೋಡೋದು. ಇದಕ್ಕೂ ಸಂಶೋಧನೆಯ ಬೇರು ಐತಿ: ಹಳ್ಳಿಯ ಹೆಣ್ಣುಮಕ್ಕಳೇ ಮನೆಗೆ ಹೋಗಿ ನೋಡಿಕೊಂಡರೆ ಹಸುಗೂಸಿನ ಸಾವು ಕಡಿಮೆ ಆಗತದ ಅಂತ 1999ರಲ್ಲಿ ತೋರಿಸಿದ್ದು ಗಡಚಿರೋಲಿಯ ಅಭಯ್ ಬಂಗ್, ರಾಣಿ ಬಂಗ್ ತಂಡ.

ಆ ಆರು ಭೇಟಿಗೆ ಎಲ್ಲ ಸೇರಿ 250 ರೂಪಾಯಿ. ಭಾಗಿಸಿ ನೋಡ್ರಿ. ಒಂದು ಭೇಟಿಗೆ 42 ರೂಪಾಯಿಯೂ ಪೂರ್ತಿ ಬೀಳಂಗಿಲ್ಲ. ಅವತ್ತು ಕುರ್ಚಿ ಮೇಲೆ ಉಳಿದ ಶಾಲಿನ ಬೆಲೆ 180.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಎಲ್ಲರೂ ಸ್ಟೇಟಸ್ ಹಾಕಿದೆವು. ನಾನೂ ಹಾಕಿದೆ. 2025ರ ಜನವರಿಯಲ್ಲಿ ಅದೇ ಪ್ರಶಸ್ತಿ ಪಡೆದವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಧರಣಿ ಮಾಡಿದರು, ತಿಂಗಳಿಗೆ 15,000 ಕೊಡ್ರಿ ಅಂತ. ಏಪ್ರಿಲ್‌ನಿಂದ ಕನಿಷ್ಠ 10,000 ಕೈಗೆ ಸಿಗೋ ಹಂಗ ಮಾಡ್ತೀವಿ ಅಂತ ಭರವಸೆ ಸಿಕ್ಕ ಮೇಲೆ ಎದ್ದರು. ಅವಾಗ ಯಾರೂ ಸ್ಟೇಟಸ್ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಅವರಿಗೆ ಕೊಡೋ ದುಡ್ಡಿಗೆ ಪಗಾರ ಅನ್ನಂಗಿಲ್ಲ, "ಗೌರವಧನ" ಅಂತಾರ. ಎಂಥಾ ಹೆಸರು ನೋಡ್ರಿ. ಗೌರವ ಅನ್ನೋ ಮಾತನ್ನ ಧನ ಕಡಿಮೆ ಕೊಡೋಕೆ ಬಳಸಿದ್ದು. ಪಗಾರ ಅಂದರೆ ಹಕ್ಕು, ಕೇಳಬಹುದು. ಗೌರವಧನ ಅಂದರೆ ಕೊಟ್ಟಷ್ಟು ತಗೊಂಡು ಕೈ ಮುಗಿಯಬೇಕು. ನಮ್ಮ ಶಾಲೂ ಅದೇ ಜಾತಿದು.

ಭಾಗ 8

ಇಲ್ಲಿ ತನಕ ಬಂದ ಮೆಸೇಜುಗಳಿಗೆ ಉತ್ತರ.

ಒಂದು: "ಅದು ಅವರ ಕೆಲಸ, ಪಗಾರ ತಗೋತಾರ, ಸನ್ಮಾನ ಯಾಕ?" ಶಾಸಕರೂ ಪಗಾರ ತಗೋತಾರ. ಅವರಿಗೆ ಹಾರ ಹಾಕೋವಾಗ ಈ ಮಾತು ನೆನಪಾಗಲಿಲ್ಲ ಯಾಕ? ಮತ್ತ ನಾನು ಕೇಳ್ತಿರೋದು ಹಾರ ಅಲ್ಲ. ಅವರು ಕಂಡುಹಿಡಿದದ್ದನ್ನ ತಿಳಕೋರಿ, ಅವರು ಹೇಳೋದನ್ನ ಕೇಳ್ರಿ ಅಂತಿದೀನಿ.

ಎರಡು: "ನಾವು ಹುಡುಗರು, ನಮಗೇನು ಸಂಬಂಧ?" ಅಣ್ಣಾ, ತಮ್ಮಾ, ಈ ಲೆಕ್ಕ ನೋಡ್ರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡಾರ. ಗಂಡಸರ ಲೆಕ್ಕ? ಸೊನ್ನೆಗೆ ಹತ್ತಿರ. ಗಂಡಸರ ಆಪರೇಷನ್ ಸಣ್ಣದು, ಹೊಟ್ಟೆ ಕೊಯ್ಯೋದಿಲ್ಲ, ಅದೇ ದಿನ ಮನೆಗೆ ಬರಬಹುದು. ಆದರೂ ಹೊಲಕ್ಕೆ ಹೋಗೋಕಾಗಲ್ಲ, ಶಕ್ತಿ ಹೋಗತದ ಅಂತ ಕಟ್ಟುಕತೆ. ಸಂಬಂಧ ಇಲ್ಲ ಅನ್ನೋರೇ ಈ ಲೆಕ್ಕ ಮಾಡಿದವರು.

ಮೂರು: "ಇದೆಲ್ಲ ಓಪನ್ನಾಗಿ ಬರೀಬಾರದು, ಮನ್ಯಾಗ ಹಿರ್ಯಾರು ನೋಡತಾರ." ನೋಡಲಿ. ಹಿರಿಯರೇ ಹಡೆದವರು.

ನಾಲ್ಕು: "ಮೊದಲೆಲ್ಲ ಸೂಲಗಿತ್ತಿಯರೇ ಮಾಡ್ತಿದ್ದರು, ಡಾಕ್ಟರ್ ಬೇಕಿರಲಿಲ್ಲ." ಸೂಲಗಿತ್ತಿಯರಿಗೆ ನನ್ನ ಎರಡೂ ಕೈ ಮುಗಿದ ನಮಸ್ಕಾರ. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ದುಡ್ಡು ಮುಟ್ಟಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಹೋದರು. ಜೀವನ ಪೂರ್ತಿ ದುಡಿದು ಮುಗಿಸೋ ಹೊತ್ತಿಗೆ ನಮಗೆ ನೆನಪಾಗತದ. ಆದರೆ ನನ್ನವ್ವನ ನೆತ್ತರ ನಿಲ್ಲಿಸೋಕೆ ನಮ್ಮೂರ ಆಯಿಗೆ ಬೇಕಿದ್ದದ್ದು ಒಂದು ಗುಳಿಗಿ. ಅದು ಆಕೆಯ ಚೀಲದಲ್ಲಿ ಇರಲಿಲ್ಲ. ಆಕೆಯ ಕೈಗುಣಕ್ಕೂ ಸಂಶೋಧನೆಗೂ ಜಗಳ ಹಚ್ಚಬ್ಯಾಡ್ರಿ.

ಭಾಗ 9

ಎರಡು ಅಂಕಿ: 228, 69.

ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯ್ತಿದ್ದರು. 2018-20ಕ್ಕೆ ಅದು 69ಕ್ಕೆ ಬಂತು. ನನ್ನವ್ವ ಇದ್ದದ್ದು ಮೊದಲನೇ ಅಂಕಿಯ ಕಾಲದಲ್ಲಿ. ನೀವು ಹಡೆಯೋದು ಎರಡನೇ ಅಂಕಿಯ ಆಚೆ. ನಡುವಿನ ಆ 159 ತಾನಾಗಿ ಇಳಿಯಲಿಲ್ಲ. ಗುಳಿಗಿ, ಸೂಜಿ, 108, ಆಸ್ಪತ್ರೆ ಹೆರಿಗೆ, ಆಶಾ, ನರ್ಸ್, ಡಾಕ್ಟರ್, ರಸ್ತೆ. ಒಬ್ಬೊಬ್ಬರು ಒಂದೊಂದು ಇಳಿಸಿದರು.

ಈ ಲೆಕ್ಕ ಇಡೋರೂ ಇದ್ದಾರ. ಧಾರವಾಡದ ವಿದ್ಯಾಗಿರಿಯಲ್ಲಿ, ನಾವು ಬಸ್ಸಿನ ಕಿಡಕಿಯಿಂದ ದಿನಾ ನೋಡಿ ಹೋಗೋ ದಾರಿಯಲ್ಲೇ, ಜೆಎಸ್ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರ ಐತಿ. ಹೆರಿಗೆ, ಆರೋಗ್ಯ, ಕುಟುಂಬ ಯೋಜನೆ ಇವುಗಳ ಮೇಲೆ ಅಧ್ಯಯನ ಮಾಡೋ ಜಾಗ. ನಮ್ಮಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದೋರು ಎಷ್ಟು ಮಂದಿ ಒಳಗೆ ಕಾಲಿಟ್ಟೀವಿ?

ಆದರೆ 69 ನೋಡಿ ಚಪ್ಪಾಳೆ ಹೊಡೆದು ಕೂಡಬ್ಯಾಡ್ರಿ. ಅದೇ ಹೊತ್ತಿನಲ್ಲಿ ಕೇರಳದ್ದು 19. ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ರಕ್ತಹೀನತೆ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಮೂರು ಸೀರಿ ಬೇಕಿಲ್ಲ, ಒಂದೇ ಸಾಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದದ್ದು ಮರೆತಿಲ್ಲ ತಾನೆ? ನರಕ್ಕೆ ಹಾಕೋ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು, ರಾಜ್ಯದ ಔಷಧ ನಿಯಂತ್ರಕರ ಅಮಾನತು ಆಯ್ತು. ಅಂಕಿ ಇಳಿಸೋಕೆ ಇಪ್ಪತ್ತು ವರ್ಷ ಬೇಕು. ಏರಿಸೋಕೆ ಒಂದು ಕೆಟ್ಟ ಬಾಟಲಿ ಸಾಕು. ಇದನ್ನ ಕೇಳೋರೂ, ಪರೀಕ್ಷೆ ಮಾಡಿಸ್ರಿ ಅಂತ ಬೆನ್ನು ಹತ್ತೋರೂ ಬೇಕು. ಅವರನ್ನ ಕಿರಿಕ್ ಪಾರ್ಟಿ ಅನ್ನಬ್ಯಾಡ್ರಿ.

ಭಾಗ 10, ಕೊನೇದು

ಕಲಘಟಗಿ ತೊಟ್ಟಿಲು ನೋಡೀರಲ್ಲ? ಈ ಫೋಟೋ ನನ್ನ ಗೆಳತಿ ಮನೆದು. ಬಣ್ಣ ಎಷ್ಟು ವರ್ಷ ಆದರೂ ಮಾಸಂಗಿಲ್ಲ. ತೊಟ್ಟಿಲು ಎಲ್ಲಿದು ಅಂತ ಊರೆಲ್ಲ ಹೆಮ್ಮೆಯಿಂದ ಹೇಳತದ. ಕೂಸನ್ನ ತೊಟ್ಟಿಲಿಗೆ, ತಾಯಿಯನ್ನ ಮನೆಗೆ ಜೀವಂತ ಮುಟ್ಟಿಸಿದವರು ಯಾರು ಅಂತನೂ ಅಷ್ಟೇ ಹೆಮ್ಮೆಯಿಂದ ಹೇಳೋಣ ಅನ್ನೋದೇ ಈ ಹತ್ತು ಪೋಸ್ಟ್‌ನ ಮಾತು.

ಏನು ಮಾಡಬೇಕು? ನಾನು ಮೂರು ಕೇಳ್ತೀನಿ.

ಮೊದಲನೇದು. ಏಪ್ರಿಲ್ 11 ರಾಷ್ಟ್ರೀಯ ಸುರಕ್ಷಿತ ತಾಯ್ತನ ದಿನ, ಕಸ್ತೂರಬಾ ಹುಟ್ಟಿದ ದಿನ. ಅವತ್ತು ನಮ್ಮ ಕ್ಲಾಸಿಗೆ ನರ್ಸಬಾಯಿಯನ್ನ ಕರೆಯೋಣ. ಆರತಿ ತಾಟು ಬ್ಯಾಡ. ಕುರ್ಚಿ, ಮೈಕ್, ಒಂದು ತಾಸು ಸಮಯ. ಅವರು ಮಾತಾಡಲಿ, ನಾವು ನೋಟ್ಸ್ ಬರಕೊಳ್ಳೋಣ. ಹುಡುಗರೂ ಕೂಡಬೇಕು. ಅವತ್ತು ರೀಲ್ ಮಾಡಂಗಿಲ್ಲ, ನಾನೂ ಮಾಡಂಗಿಲ್ಲ.

ಎರಡನೇದು. ನಿಮ್ಮೂರ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳ್ರಿ: ಆಕ್ಸಿಟೋಸಿನ್ ಇಡೋಕೆ ಫ್ರಿಜ್ ಐತೇನು, ಕರೆಂಟ್ ಹೋದರೆ ಏನು ಮಾಡ್ತೀರಿ, ಮಿಸೊಪ್ರೊಸ್ಟಾಲ್ ಐತೇನು, ನೆತ್ತರ ಅಳೆಯೋದು ಹೆಂಗ? ಜಗಳಕ್ಕಲ್ಲ, ತಿಳಕೊಳ್ಳೋಕೆ. ಇಲ್ಲ ಅಂದರೆ ಅವರ ಪರವಾಗಿ ಗ್ರಾಮಸಭೆಯಲ್ಲಿ ನಾವು ಎದ್ದು ನಿಲ್ಲೋಣ. ಆಶಾಗಳು ಮತ್ತೆ ಧರಣಿ ಕೂತರೆ ಸ್ಟೇಟಸ್ ಹಾಕಿ ಬಿಡೋದಲ್ಲ, ಹೋಗಿ ಪಕ್ಕದಲ್ಲಿ ಕೂಡೋಣ.

ಮೂರನೇದು, ಎಲ್ಲಕ್ಕಿಂತ ಕಷ್ಟದ್ದು. ನಿಮ್ಮವ್ವನ್ನ ಕೇಳ್ರಿ. ನಾ ಹುಟ್ಟಿದ ದಿನ ಏನಾತು? ಯಾರಿದ್ದರು? ಏನು ಕೊಟ್ಟರು? ಹೆಸರು ನೆನಪೈತೇನು?

ನಾನು ಕೇಳಿದೆ. ದವಾಖಾನಿಯಲ್ಲಿ ಅವ್ವನ ಕೈ ಹಿಡಕೊಂಡು ಬೆಳಗಿನ ತನಕ ಕೂತ ಒಬ್ಬ ನರ್ಸ್ ಇದ್ದರಂತೆ. ಕುಂದಗೋಳ ಕಡೆಯವರು. ಹೆಸರು ಕೇಳಿದ್ದಳಂತೆ, ಆದರೆ ಮರೆತಳು. "ಗೆಣ್ಯಾ, ಎಚ್ಚರ ಇರಲಿಲ್ಲಲ್ಲ" ಅಂದಳು.

ಅವ್ವ ಎಚ್ಚರ ಇರಲಿಲ್ಲ, ಮರೆತಳು, ಸರಿ. ನಾವು ಎಚ್ಚರ ಇದ್ದೀವಲ್ಲ.

ಈ ಸರಣಿಯನ್ನ ಸೇವ್ ಮಾಡ್ಕೋರಿ. ನಿಮ್ಮವ್ವ ಹೇಳಿದ್ದನ್ನ, ಆಕೆ ಒಪ್ಪಿದರೆ ಮಾತ್ರ, ನನಗೆ ಬರೆದು ಕಳಿಸ್ರಿ. ಏಪ್ರಿಲ್ 11ಕ್ಕೆ ಅವನ್ನೆಲ್ಲ ಓದಿ ಹೇಳೋಣ. ಆ ಉಳಿದ ಶಾಲು ನನ್ನ ಹತ್ರನೇ ಐತಿ. ಯಾರಿಗೆ ಅಂತ ನನಗೆ ಈಗ ಗೊತ್ತು.

#ಶಾಲುಯಾರಿಗೆ #ಅವ್ವನ್ನಕೇಳಿ #ನವಲಗುಂದ #ಕುಂದಗೋಳ #ಕಲಘಟಗಿ #ಅಣ್ಣಿಗೇರಿ #ಧಾರವಾಡ